ದೋಣಿಯ ಚೆಂದ ಯಾರಿಗೆ?

ದಿಬ್ಬೂರಹಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ದೋಣಿ ಕಂಡದ್ದು ಸಿನಿಮಾದಲ್ಲಿ ಮಾತ್ರ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳನ್ನು ದಾಟಲು ನಾವು ಚಪ್ಪಲಿಯನ್ನೂ ಬಿಚ್ಚುತ್ತಿರಲಿಲ್ಲ. ಹಾಗಾಗಿ ಟೀಚರ್ ಕೆಲಸಕ್ಕೆಂದು ಸಾಗರ ತಾಲ್ಲೂಕಿನ ತುಮರಿ ಕಡೆ ಹೋಗಿ, ಶರಾವತಿ ಹಿನ್ನೀರಿನ ಕವಲೊಂದರಲ್ಲಿ ಮರದ ದೋಣಿ ಹತ್ತಿದ ದಿನ ‘ಅಬ್ಬಾ, ಎಂಥ ಚೆಂದ’ ಎಂದುಬಿಟ್ಟೆ. ಪಕ್ಕದ ಹೆಂಗಸು ತಳದಲ್ಲಿ ಜಿನುಗುತ್ತಿದ್ದ ನೀರನ್ನು ಡಬ್ಬದಲ್ಲಿ ಮೊಗೆದು ಚೆಲ್ಲುತ್ತಾ, ‘ದಿನಾ ಕೂತು ನೋಡಿ ಟೀಚರ್’ ಅಂದಳು.

ಕೂತು ನೋಡಿದೆ. ಅದಕ್ಕೇ ಈ ಸಿಟ್ಟು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆಗಿನಿಂದ ಕೆಲವರಿಗೆ ಒಂದೇ ಹಳಹಳಿಕೆ: ದೋಣಿ ಹೋಯಿತು, ಲಾಂಚು ಹೋಯಿತು, ಸಿಗಂದೂರಿನ ದಾರಿಯ ಸೊಬಗೇ ಹೋಯಿತು! ವರ್ಷಕ್ಕೊಮ್ಮೆ ದೇವಿಯ ದರ್ಶನಕ್ಕೆ ಬಂದು ಫೋಟೋ ತೆಗೆಸಿಕೊಂಡವರ ಸೊಬಗು ಅದು.

ಆ ದೋಣಿಯ ಚರಿತ್ರೆ ಬರೆಯುವುದಾದರೆ ಪೂರ್ತಿ ಬರೆಯಲಿ. ಅಣೆಕಟ್ಟಿಗೆ ಮುಂಚೆ ಅಲ್ಲಿದ್ದದ್ದು ಹೊಳೆ. 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಗದ್ದೆ, ತೋಟ, ದಾರಿ ಮುಳುಗಿ ಕರೂರು–ಬಾರಂಗಿ ಸೀಮೆ ದ್ವೀಪದಂತಾಯಿತು. ಶರಾವತಿಯ ಕರೆಂಟು ಬೆಂಗಳೂರನ್ನು ಬೆಳಗಿತು. ದೂರದ ನಮ್ಮೂರಲ್ಲಿ ನಮ್ಮಪ್ಪ ಹಿಪ್ಪುನೇರಳೆಗೆ ನೀರು ಹಾಯಿಸಿದ್ದೂ ಕರೆಂಟಿನ ಪಂಪ್‌ಸೆಟ್ಟಿನಿಂದಲೇ. ಋಣ ನಮ್ಮ ಮನೆಗೂ ಅಂಟಿದೆ. ಬೆಳಕು ಕೊಟ್ಟವರಿಗೆ ನಾವು ಕೊಟ್ಟದ್ದೇನು? 61 ವರ್ಷ ನೀರಿನ ಮೇಲಿನ ಕಾಯುವಿಕೆ.

ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಕಾಸರವಳ್ಳಿಯವರ ‘ದ್ವೀಪ’ ನೋಡಿದ್ದೀರಲ್ಲ? ನಮ್ಮ ಕೋಲಾರ ಸೀಮೆಯ ಸೌಂದರ್ಯ ಅದರಲ್ಲಿ ನಾಗಿ. ಏರುವ ನೀರಿನೆದುರು ಮನೆ ಉಳಿಸಿದವಳು ಅವಳು. ಗಂಡ ಕೀರ್ತಿ ಕೊಡುವುದು ದೇವರಿಗೆ. ದೋಣಿಯ ಬಗ್ಗೆ ಬರೆಯುವವರೂ ಹೀಗೇ. ಅಂಬಿಗನ ತೋಳು, ಹುಟ್ಟಿನ ಸದ್ದು, ಸಂಜೆಯ ಕೆಂಪು ಎಲ್ಲ ಬರುತ್ತದೆ. ಡಬ್ಬ ಹಿಡಿದವಳು ಬರುವುದಿಲ್ಲ.

ಒಂದು ಮಳೆಗಾಲದ ರಾತ್ರಿ ನೆರೆಮನೆಯ ಹುಡುಗಿಗೆ ದಿನ ತುಂಬುವ ಮುಂಚೆಯೇ ಹೆರಿಗೆ ನೋವು. ಕೊನೆಯ ಲಾಂಚು ಹೋಗಿಯಾಗಿತ್ತು. ಆ ಗಾಳಿಗೆ ಮರದ ದೋಣಿ ಬಿಡಲಾರೆ ಎಂದ ಅಂಬಿಗ. ಅವನದು ತಪ್ಪಲ್ಲ, ಬಿಟ್ಟಿದ್ದರೆ ಎಲ್ಲರೂ ಮುಳುಗುತ್ತಿದ್ದೆವು. ಲಾಟೀನು ಹಿಡಿದು ನಾವು ಮೂವರು ಹೆಂಗಸರು ದಡದಲ್ಲೇ ಕೂತೆವು. ಬೆಳಗಿನ ಮೊದಲ ಲಾಂಚಿಗೆ ತಾಯಿಯನ್ನು ಹತ್ತಿಸಿದೆವು. ಮಗುವನ್ನು ಈ ದಡದಲ್ಲೇ ಮಣ್ಣು ಮಾಡಿದರು.

ಸೇತುವೆಯಾದ ಮೇಲೆ ಅವಳಿಗೆ ಫೋನ್ ಮಾಡಿದ್ದೆ. ರಾತ್ರಿ ಹತ್ತಕ್ಕೆ ಸಾಗರದಿಂದ ಮನೆಗೆ ಬಂದಳಂತೆ, ಸುಮ್ಮನೆ, ಯಾವ ಕೆಲಸವೂ ಇಲ್ಲದೆ.