ಬೆಳ್ಳಗಿರುವುದೆಲ್ಲ ಹಾಲಲ್ಲ

ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರ ಬಡತನವನ್ನು ಹೇಳುವ ಪ್ರಸಂಗವೊಂದಿದೆ. ಸಿರಿವಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಾಲಕ ಅಶ್ವತ್ಥಾಮ ತನಗೂ ಹಾಲು ಬೇಕೆಂದು ಅತ್ತ. ತಂದೆ ಊರೂರು ಅಲೆದರೂ ಹಸುವೊಂದು ದೊರೆಯಲಿಲ್ಲ. ಓರಗೆಯ ಹುಡುಗರು ಅಕ್ಕಿಯ ಹಿಟ್ಟನ್ನು ನೀರಿನಲ್ಲಿ ಕದಡಿ ಹಾಲೆಂದು ಕೊಟ್ಟರು. ಅದನ್ನು ಕುಡಿದು ಅವನು, 'ನಾನೂ ಹಾಲು ಕುಡಿದೆ' ಎಂದು ಕುಣಿದಾಡಿದ. ನೋಡಿದವರು ನಕ್ಕರು. ಆ ನಗೆಯನ್ನು ತಾಳಲಾರದೆ ದ್ರೋಣರು ದ್ರುಪದನಲ್ಲಿಗೆ ಹೊರಟರು. ಮುಂದೆ ನಡೆದುದು ಎಲ್ಲರಿಗೂ ತಿಳಿದೇ ಇದೆ.

ಇದನ್ನು ನಾವು ಬಡತನದ ಕಥೆಯೆಂದೇ ಓದುತ್ತ ಬಂದಿದ್ದೇವೆ. ಆದರೆ ಇಂದು ಅನುಕೂಲಸ್ಥರ ಮನೆಗಳಲ್ಲಿಯೂ ಅದೇ ಅಕ್ಕಿಯ ನೀರು ಹಾಲೆಂಬ ಹೆಸರಿನಲ್ಲಿ ಮಗುವಿನ ಬಟ್ಟಲಿಗೆ ಇಳಿಯುತ್ತಿದೆ. ಅಂದವಾದ ಕಾಗದದ ಡಬ್ಬಿಗಳಲ್ಲಿ ತುಂಬಿ, ಹಸುವಿನ ಹಾಲಿನ ಹಲವು ಪಟ್ಟು ಬೆಲೆ ಕಟ್ಟಿದ ಅಕ್ಕಿಯ ಹಾಲು, ಓಟ್ಸ್ ಹಾಲು, ಬಾದಾಮಿ ಹಾಲು, ಸೋಯಾ ಹಾಲುಗಳು ಪೇಟೆಯ ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ. ಹಿರಿಯರು ನಾಲಗೆಯ ಚಪಲಕ್ಕಾಗಿ ಅವನ್ನು ಕುಡಿದರೆ ಯಾರ ಆಕ್ಷೇಪಣೆಯೂ ಇಲ್ಲ. ಹಸುವಿನ ಹಾಲು ಮೈಗೆ ಒಗ್ಗದ ಒಂದೆರಡು ವರ್ಷದ ಮಗುವಿಗೆ ಇವುಗಳಲ್ಲಿ ಯಾವುದನ್ನು ಕೊಡಬೇಕೆಂಬುದು ಮಾತ್ರ ಚಪಲದ ಪ್ರಶ್ನೆಯಲ್ಲ. ಆ ಮಗುವಿನ ಎಲುಬು, ರಕ್ತ, ಬುದ್ಧಿಗಳ ಬೆಳವಣಿಗೆಯೇ ಆ ಆಯ್ಕೆಯನ್ನು ಅವಲಂಬಿಸಿದೆ.

ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಈ ಗೊಂದಲದ ಒಂದು ಪಾಲು ಭಾಷೆಯದೇ ಆಗಿರುವುದರಿಂದ ಮಾತನಾಡುವ ಧೈರ್ಯ ಮಾಡಿದ್ದೇನೆ. ಹಳಗನ್ನಡದ 'ಪಾಲ್' ಇಂದಿನ ನಮ್ಮ 'ಹಾಲು'. ಬೆಳ್ಳಗೆ ಒಸರುವುದನ್ನೆಲ್ಲ ಕನ್ನಡಿಗರು ಈ ಒಂದೇ ಮಾತಿನಿಂದ ಕರೆದರು. ತೆಂಗಿನಕಾಯಿಯನ್ನು ರುಬ್ಬಿ ಹಿಂಡಿದರೆ ಬರುವುದೂ ಹಾಲು, ಎಳೆಯ ತೆನೆಯ ಕಾಳಿನಲ್ಲಿ ತುಂಬುವುದೂ ಹಾಲು. ಕಣ್ಣಿಗೆ ಬಿದ್ದರೆ ಕಣ್ಣನ್ನೇ ಕೆಡಿಸುವ ಕಳ್ಳಿಯದೂ ಹಾಲೇ! ಹೀಗೆ ಹೆಸರಿಡುವುದರಲ್ಲಿ ಧಾರಾಳಿಗಳಾದ ನಮ್ಮ ಹಿರಿಯರೇ 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆಯನ್ನೂ ಕಟ್ಟಿ ಎಚ್ಚರಿಕೆ ಕೊಟ್ಟರು. ಇದು ಬರಿಯ ಮಾತಿನ ಚಮತ್ಕಾರವಲ್ಲ. 'ಮಗುವಿಗೆ ಬಾದಾಮಿ ಹಾಲು ಕೊಡಬಹುದು' ಎಂಬ ಮಾತನ್ನು ಯಾರಿಂದಲೋ ಕೇಳಿ ಮನೆಗೆ ಬಂದರೆ, ನಮ್ಮ ಅಡಿಗೆಮನೆಯಲ್ಲಿ ಆ ಹೆಸರಿಗೆ ಇರುವ ಅರ್ಥವೇ ಬೇರೆ. ಮದುವೆಯ ಮನೆಯಲ್ಲಿ ಬಿಸಿಬಿಸಿಯಾಗಿ ಹಂಚುವ ಬಾದಾಮಿ ಹಾಲು ಹಸುವಿನ ಹಾಲೇ. ಬಾದಾಮಿಯೂ ಕೇಸರಿಯೂ ಅದರ ಅಲಂಕಾರ. ಯಾವ ವಸ್ತುವನ್ನು ಮಗುವಿನಿಂದ ದೂರ ಇಡಬೇಕೋ ಅದೇ ವಸ್ತು ಹೆಸರಿನ ಮರೆಯಲ್ಲಿ ಅದರ ಹೊಟ್ಟೆಯನ್ನು ಸೇರಬಹುದು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ, ಸಸ್ಯಜನ್ಯ ಪಾನೀಯಗಳನ್ನು ಹಾಲೆಂಬ ಹೆಸರಿನಿಂದ ಮಾರಬಾರದೆಂದು ಅಂತರಜಾಲದ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿತು. ತೆಂಗಿನ ಹಾಲಿನಂತಹ ರೂಢಿಯ ಹೆಸರುಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಡಬ್ಬಿಯ ಹೆಸರು ಬದಲಾಗಬಹುದು. ಜನರ ನಾಲಗೆಯ ಮೇಲಿನ ಹೆಸರು ಅಷ್ಟು ಬೇಗ ಬದಲಾಗುವುದಿಲ್ಲ.

ಇನ್ನು 'ಒಗ್ಗುವುದಿಲ್ಲ' ಎಂಬ ಮಾತನ್ನು ನೋಡೋಣ. ಇದರೊಳಗೆ ಎರಡು ಬೇರೆ ಬೇರೆ ತೊಂದರೆಗಳು ಅಡಗಿವೆ. ಮೊದಲನೆಯದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನದು. ಅದನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಕರುಳಿನಲ್ಲಿ ಸಾಲದಾದರೆ ಹೊಟ್ಟೆ ಉಬ್ಬರಿಸಿ ನೀರಾಗಿ ಭೇದಿಯಾಗುತ್ತದೆ. ದೊಡ್ಡವರಲ್ಲಿ ಇದು ಸಾಮಾನ್ಯ. ಎರಡು ವರ್ಷದ ಮಗುವಿನಲ್ಲಿಯಾದರೋ ಬಹುಮಟ್ಟಿಗೆ ಜೋರಾದ ಭೇದಿಯೊಂದರ ಬೆನ್ನಿಗೆ ಬಂದು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುವಂಥದು. ಈ ತೊಂದರೆಯಿರುವ ಅನೇಕರಿಗೆ ಮೊಸರು ಒಗ್ಗುತ್ತದೆ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಭಾಗ ಹುಳಿಯಾಗಿ ಮಾರ್ಪಟ್ಟಿರುತ್ತದೆ.

ಎರಡನೆಯದು ಹಾಲಿನ ಪ್ರೋಟೀನಿನ ಅಲರ್ಜಿ. ಹಾಲಿನ ಕೇಸೀನ್ ಮೊದಲಾದ ಪ್ರೋಟೀನುಗಳನ್ನು ಮೈಯ ರಕ್ಷಣಾಶಕ್ತಿಯು ಶತ್ರುವೆಂದು ತಿಳಿದು ಎದುರಿಸುತ್ತದೆ. ಕೆಲವು ಮಕ್ಕಳಲ್ಲಿ ಹಾಲು ಕುಡಿದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈತುಂಬ ಗಂಧೆ ಏಳುತ್ತದೆ, ತುಟಿ ಕಣ್ಣುಗಳು ಊದಿಕೊಳ್ಳುತ್ತವೆ, ವಾಂತಿಯಾಗುತ್ತದೆ. ಉಸಿರಿಗೆ ಕಷ್ಟವಾದರೆ, ಮಗು ಬಿಳಚಿಕೊಂಡು ಸೋತು ಬಿದ್ದರೆ, ಮನೆಮದ್ದನ್ನು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮತ್ತೆ ಕೆಲವರಲ್ಲಿ ತೊಂದರೆ ನಿಧಾನವಾಗಿ, ಗಂಟೆಗಳ ಅಥವಾ ದಿನಗಳ ಅನಂತರ ಕಾಣಿಸಿಕೊಳ್ಳುತ್ತದೆ: ಇಸುಬು ಕೆರಳುವುದು, ಮಲದಲ್ಲಿ ಲೋಳೆ ಅಥವಾ ರಕ್ತ ಬೀಳುವುದು, ತೂಕ ಏರದೆ ನಿಲ್ಲುವುದು. ಇಂತಹ ಮಗುವಿಗೆ ಮೊಸರು, ಮಜ್ಜಿಗೆ, ಪನೀರು, ಪೇಡ ಯಾವುದೂ ಸಲ್ಲದು. ಪ್ರೋಟೀನು ಇವೆಲ್ಲದರಲ್ಲಿಯೂ ಇದೆ. ಆದುದರಿಂದ ಯಾವ ಹಾಲನ್ನು ಕೊಡೋಣ ಎಂದು ಕೇಳುವ ಮೊದಲು ಯಾವ ತೊಂದರೆ ಎಂಬುದನ್ನು ಮಕ್ಕಳ ವೈದ್ಯರಿಂದ ತಿಳಿಯಬೇಕು. ಮಗು ಎರಡು ದಿನ ಸೀನಿತೆಂದೋ, ಮೈಮೇಲೆ ನಾಲ್ಕು ಬೊಕ್ಕೆ ಎದ್ದವೆಂದೋ ತಾವೇ ತೀರ್ಪು ಕೊಟ್ಟು ಹಾಲು ಮೊಸರನ್ನು ವರ್ಷಗಟ್ಟಲೆ ನಿಲ್ಲಿಸುವುದು ಅನ್ಯಾಯ.

ಅಲರ್ಜಿಯೆಂದು ಖಚಿತವಾದೊಡನೆ ನೆಂಟರಿಷ್ಟರು ಮೂರು ಸಲಹೆಗಳನ್ನು ಕೊಡುತ್ತಾರೆ: ಎಮ್ಮೆಯ ಹಾಲು, ಆಡಿನ ಹಾಲು, ನಾಟಿ ಹಸುವಿನ 'ಎ-2' ಹಾಲು. ಮೂರೂ ಈ ಮಗುವಿಗೆ ಒದಗುವುದಿಲ್ಲ. ಎಮ್ಮೆ, ಆಡು, ಕುರಿಗಳ ಹಾಲಿನ ಪ್ರೋಟೀನುಗಳು ಹಸುವಿನವುಗಳಿಗೆ ಎಷ್ಟು ಹತ್ತಿರವೆಂದರೆ, ಹಸುವಿನ ಹಾಲಿಗೆ ಕೆರಳುವ ಮೈ ಬಹುತೇಕ ಅವಕ್ಕೂ ಕೆರಳುತ್ತದೆ. ಮೇಲಾಗಿ ಆಡಿನ ಹಾಲಿನಲ್ಲಿ ಫೋಲೇಟ್ ಎಂಬ ಜೀವಸತ್ವ ತೀರ ಕಡಿಮೆ. ಅದನ್ನೇ ನಂಬಿದ ಶಿಶುಗಳಿಗೆ ರಕ್ತಹೀನತೆ ಬಂದುದುಂಟು. ಇನ್ನು 'ಎ-2' ಎಂಬುದು ಬೀಟಾ ಕೇಸೀನ್ ಪ್ರೋಟೀನಿನ 209 ಅಮೈನೋ ಆಮ್ಲಗಳ ಪೈಕಿ 67ನೆಯ ಸ್ಥಾನದಲ್ಲಿರುವ ಒಂದರ ವ್ಯತ್ಯಾಸ. ಉಳಿದ ಸರಪಳಿಯೆಲ್ಲ ಹಾಗೆಯೇ ಇರುವಾಗ ಅಲರ್ಜಿಯ ಮಗುವಿಗೆ ಅದರಿಂದ ರಕ್ಷಣೆ ಎಲ್ಲಿಯದು?

ಮೂರು ಸಲಹೆಗಳನ್ನು ಬಿಟ್ಟವರು ಅಂಗಡಿಯ ಸಾಲಿನತ್ತ ತಿರುಗುತ್ತಾರೆ. ಇಲ್ಲಿಯೇ ಅಶ್ವತ್ಥಾಮನ ಬಟ್ಟಲು ಕಾದಿರುವುದು. 2001ರಲ್ಲಿ ಅಮೆರಿಕದ ವೈದ್ಯರು ಇಬ್ಬರು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬನಿಗೆ 22 ತಿಂಗಳು. ಇಸುಬು ಇದ್ದ ಅವನಿಗೆ ಹಾಲು ಒಗ್ಗದೆಂದು ಭಾವಿಸಿ, ಮೊಲೆ ಬಿಡಿಸಿದ ಮೇಲೆ ಅಕ್ಕಿಯ ಪಾನೀಯವನ್ನೇ ಮುಖ್ಯವಾಗಿ ಕೊಟ್ಟರು. ಅವನಿಗೆ ಕ್ವಾಶಿಯೋರ್ಕರ್ ಬಂತು; ಬರಗಾಲದ ನಾಡುಗಳಲ್ಲಿ, ಪ್ರೋಟೀನಿಲ್ಲದೆ ಮೈ ಊದಿಕೊಂಡ ಮಕ್ಕಳಲ್ಲಿ ಕಾಣುವ ರೋಗ ಅದು. ಇನ್ನೊಬ್ಬನಿಗೆ 17 ತಿಂಗಳು. ಸುಣ್ಣದಂಶವನ್ನೂ ಡಿ ಜೀವಸತ್ವವನ್ನೂ ಬೆರೆಸದ ಸೋಯಾ ಪಾನೀಯದಿಂದ ಬೆಳೆದ ಅವನಿಗೆ ಎಲುಬು ಮೆತ್ತಗಾಗುವ ರಿಕೆಟ್ಸ್. ಆ ಮನೆಗಳಲ್ಲಿ ಬಟ್ಟಲು ಬರಿದಾಗಿರಲಿಲ್ಲ. ಅದರಲ್ಲಿದ್ದುದು ಹಾಲಲ್ಲವೆಂಬುದು ಮಾತ್ರ ತಂದೆತಾಯಿಗಳಿಗೆ ತಿಳಿದಿರಲಿಲ್ಲ.

ಹಾಲಿನ ಸ್ಥಾನವನ್ನು ತುಂಬಬೇಕಾದರೆ ಹಾಲು ಏನು ಕೊಡುತ್ತಿತ್ತೆಂಬ ಲೆಕ್ಕ ಬೇಕು. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಆರು ಗ್ರಾಮಿಗಿಂತ ಹೆಚ್ಚು ಪ್ರೋಟೀನೂ ಸುಮಾರು 240 ಮಿಲಿಗ್ರಾಂ ಸುಣ್ಣದಂಶವೂ ಇರುತ್ತವೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದು ಹನ್ನೆರಡು ಗ್ರಾಮಿನ ಆಸುಪಾಸಿನ ಪ್ರೋಟೀನು, 500 ಮಿಲಿಗ್ರಾಂ ಸುಣ್ಣದಂಶ. ಅಂದರೆ ಒಂದು ಲೋಟ ಹಾಲು ಸರಿಸುಮಾರು ಅರ್ಧ ದಿನದ ಬೇಡಿಕೆಯನ್ನು ಪೂರೈಸುತ್ತದೆ. ಅಷ್ಟೇ ಪ್ರಮಾಣದ ಅಕ್ಕಿಯ ಅಥವಾ ಬಾದಾಮಿಯ ಪಾನೀಯದಲ್ಲಿ ಪ್ರೋಟೀನು ಸಾಮಾನ್ಯವಾಗಿ ಒಂದು ಗ್ರಾಮಿನ ಸುತ್ತಮುತ್ತ ಮಾತ್ರ. ಬಾದಾಮಿ ಪುಷ್ಟಿಕರವೆಂಬುದು ನಿಜ. ಆದರೆ ಡಬ್ಬಿಯಲ್ಲಿರುವುದು ಹೆಚ್ಚಾಗಿ ನೀರು. ಅಕ್ಕಿಯ ಪಾನೀಯಕ್ಕೆ ಮತ್ತೊಂದು ದೋಷವುಂಟು: ಅಕ್ಕಿಯಲ್ಲಿ ಸೇರುವ ಆರ್ಸೆನಿಕ್ ವಿಷದ ಕಾರಣ, ನಾಲ್ಕೂವರೆ ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಾಲಿನ ಬದಲು ಕೊಡಬಾರದೆಂದು ಬ್ರಿಟನ್ನಿನ ಆಹಾರ ಇಲಾಖೆ 2009ರಲ್ಲಿಯೇ ತಿಳಿಸಿತು. ತೆಂಗಿನ ಹಾಲಿನಲ್ಲಿ ಕೊಬ್ಬು ಹೇರಳ, ಪ್ರೋಟೀನು ಅಲ್ಪ. ಪಾಯಸಕ್ಕೆ ಅದು ಸೊಗಸು, ಮಗುವಿನ ಮುಖ್ಯ ಪಾನೀಯವಾಗಲು ಸಾಲದು.

ಹಾಗಾದರೆ ಒದಗುವುದು ಯಾವುದು? ಒಂದು ವರ್ಷದೊಳಗಿನ ಶಿಶುವಿಗೆ ಈ ಸಸ್ಯಪಾನೀಯಗಳಲ್ಲಿ ಯಾವುದೂ ಮುಖ್ಯ ಆಹಾರವಾಗಬಾರದು. ತಾಯಿಯ ಹಾಲು, ಅದಿಲ್ಲದಿದ್ದರೆ ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದು ತಯಾರಿಸಿದ ವಿಶೇಷ ಶಿಶು ಆಹಾರ, ಅದೂ ವೈದ್ಯರ ಸಲಹೆಯಂತೆ. ಒಂದು ವರ್ಷ ಕಳೆದ ಮೇಲೆಯೂ ತಾಯಿ ಮಗುವಿಗೆ ಮೊಲೆಯೂಡಿಸುತ್ತಿದ್ದರೆ ಅದಕ್ಕಿಂತ ಭಾಗ್ಯವಿಲ್ಲ. ಇತರ ಆಹಾರವನ್ನು ಚೆನ್ನಾಗಿ ತಿನ್ನುವ, ಬೆಳವಣಿಗೆ ಸರಿಯಾಗಿರುವ ಮಗುವಿಗೆ, ಸುಣ್ಣದಂಶ, ಡಿ ಮತ್ತು ಬಿ-12 ಜೀವಸತ್ವಗಳನ್ನು ಬೆರೆಸಿದ, ಸಕ್ಕರೆ ಹಾಕದ ಸೋಯಾ ಪಾನೀಯ ಹಸುವಿನ ಹಾಲಿಗೆ ಹತ್ತಿರ ಬರುತ್ತದೆ. ಅದರ ಪ್ರೋಟೀನು ಹೆಚ್ಚು ಕಡಿಮೆ ಹಾಲಿನಷ್ಟೇ. ಸೋಯಾ ಹೊಸ ಶೋಧವೇನೂ ಅಲ್ಲ. ಬಾಲ್ಟಿಮೋರಿನ ವೈದ್ಯ ಜಾನ್ ರೂರಾ ಶಿಶುಗಳಿಗೆ ಸೋಯಾ ಆಹಾರವನ್ನು ಕೊಟ್ಟ ಅನುಭವವನ್ನು 1909ರಲ್ಲಿಯೇ ಬರೆದಿದ್ದರು. ಆದರೆ ಹಾಲು ಒಗ್ಗದ ಕೆಲವು ಮಕ್ಕಳಿಗೆ ಸೋಯಾ ಕೂಡ ಒಗ್ಗದು. ಆದುದರಿಂದ ಮೊದಲ ಗುಟುಕನ್ನು ಕೊಡುವ ಮುನ್ನ ವೈದ್ಯರನ್ನು ಕೇಳುವುದು ಲೇಸು. ಕಾಳನ್ನು ನೆನೆಸಿ ರುಬ್ಬಿ ಮನೆಯಲ್ಲಿಯೇ ಮಾಡುವವರು ಅದನ್ನು ಚೆನ್ನಾಗಿ ಕುದಿಸಲೇಬೇಕು. ಅದರಲ್ಲಿ ಪ್ರೋಟೀನು ಸಿಕ್ಕೀತು, ಮೇಲೆ ಹೇಳಿದ ಉಳಿದ ಮೂರು ಸಿಕ್ಕವು.

ಈ ಮೂರರಲ್ಲಿ ಬಿ-12 ನಮ್ಮ ಸಸ್ಯಾಹಾರಿ ಮನೆಗಳ ಗುಪ್ತ ಸಮಸ್ಯೆ. ಕಾಳು, ಸೊಪ್ಪು, ಹಣ್ಣು ಯಾವುದರಲ್ಲಿಯೂ ಇದು ಸಿಕ್ಕುವುದಿಲ್ಲ. ಮೊಟ್ಟೆ ಮೀನುಗಳನ್ನು ತಿನ್ನದ ಮನೆಯಲ್ಲಿ ಹಾಲು ಮೊಸರುಗಳೇ ಅದರ ಆಸರೆ. ಆ ಆಸರೆಯನ್ನು ತೆಗೆದು ಬೇರೆ ಏರ್ಪಾಡು ಮಾಡದಿದ್ದರೆ ಮಗು ರಕ್ತಹೀನವಾಗಿ, ಕಲಿತ ನಡೆನುಡಿಗಳಲ್ಲಿಯೇ ಹಿಂದೆ ಬೀಳಬಹುದು. ವೈದ್ಯರ ಬಳಿಗೆ ಹೋದಾಗ ಈ ಒಂದು ಪ್ರಶ್ನೆಯನ್ನು ಕೇಳದೆ ಹಿಂತಿರುಗಬಾರದು.

ಸುಣ್ಣದಂಶಕ್ಕೆ ನಮ್ಮಲ್ಲಿ ಬಡತನವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿ ಸರಿಯನ್ನು ಕಾಯಿಸುವ ವಿಧಾನ ನಮ್ಮ ಅಜ್ಜಿಯರಿಗೆ ಕರತಲಾಮಲಕ. ಮೊಳಕೆ ಬಂದಾಗ, ಸುಣ್ಣದಂಶವನ್ನು ಮೈಗೆ ಹತ್ತಗೊಡದ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಆದರೆ ಮೂವತ್ತು ಗ್ರಾಂ ಹಿಟ್ಟಿನ ಸರಿಯಿಂದ ಬರುವುದು ನೂರು ಮಿಲಿಗ್ರಾಮಿನಷ್ಟೇ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಎಳ್ಳು, ತೊಗರಿ ಹೆಸರುಬೇಳೆಗಳು ಜೊತೆಗೂಡಿದರೆ ಮಾತ್ರ ಲೆಕ್ಕ ತುಂಬುತ್ತದೆ. ಎಳ್ಳು ಕೂಡ ಕೆಲವರಿಗೆ ಒಗ್ಗದೆಂಬುದು ನೆನಪಿರಲಿ.

ಕೊನೆಯದಾಗಿ ಮನೆಯೊಳಗಿನ ರಾಜಕೀಯ. 'ಹಾಲು ಕುಡಿದ ಮಕ್ಕಳೇ ಬದುಕುವುದು ಕಷ್ಟ, ಇನ್ನು ವಿಷ ಕುಡಿದ ಮಕ್ಕಳು ಬದುಕಿಯಾರೆ?' ಎಂಬ ಗಾದೆಯನ್ನು ಕೇಳಿ ಬೆಳೆದ ಹಿರಿಯ ಜೀವಕ್ಕೆ, ಹಾಲೇ ಒಂದು ಮಗುವಿಗೆ ವಿಷವಾದೀತೆಂದರೆ ನಂಬಿಕೆ ಹೇಗೆ ಬರಬೇಕು? 'ಒಂದು ಗುಟುಕು ಕುಡಿಸಿದರೆ ಏನಾಗುತ್ತದಮ್ಮ? ನಿನ್ನ ಗಂಡ ಇಷ್ಟೆತ್ತರ ಬೆಳೆದದ್ದು ಹಾಲು ಕುಡಿದೇ' ಎನ್ನುತ್ತಾರೆ ಅತ್ತೆ. ಸೊಸೆ ತುಟಿ ಕಚ್ಚಿ ಸುಮ್ಮನಾಗುತ್ತಾಳೆ. ಇಲ್ಲಿ ಸುಮ್ಮನಿರಬಾರದವನು ಮಗ. ವೈದ್ಯರ ಬಳಿಗೆ ಹೋಗುವಾಗ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಅವನ ಕರ್ತವ್ಯ. ಕಾರಣವನ್ನು ವೈದ್ಯರ ಬಾಯಿಂದಲೇ ಕೇಳಿದ ಅಜ್ಜಿಗಿಂತ ಒಳ್ಳೆಯ ಕಾವಲು ಆ ಮಗುವಿಗೆ ಇಲ್ಲ. ಪೂಜೆಯ ಮನೆಯ ಪಂಚಾಮೃತ, ನೆರೆಮನೆಯ ಪೇಡ, ಬೇಕರಿಯ ಬನ್ನು, ತುಪ್ಪ ಹಚ್ಚಿದ ದೋಸೆ, ಹಾಲಿನ ಪುಡಿ ಸೇರಿದ ಬಿಸ್ಕತ್ತು ಎಲ್ಲವನ್ನೂ ಅವರ ಕಣ್ಣು ನಮಗಿಂತ ಮೊದಲು ಕಾಣುತ್ತದೆ. ಹಾಲು ಸೇರಿದ್ದರೆ ಹಾಗೆಂದು ಪೊಟ್ಟಣದ ಮೇಲೆ ನಮೂದಿಸಲೇಬೇಕೆಂಬ ನಿಯಮವುಂಟು. ಆ ಸಣ್ಣ ಅಕ್ಷರಗಳನ್ನು ಓದಿ ಹೇಳುವ ಕೆಲಸ ಮನೆಯ ಕಿರಿಯರದಾಗಲಿ.

ಧೈರ್ಯಕ್ಕೆ ಒಂದು ಮಾತು. ಹಾಲಿನ ಅಲರ್ಜಿಯಿರುವ ಮಕ್ಕಳಲ್ಲಿ ಬಹುಪಾಲು ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಅದನ್ನು ದಾಟುತ್ತಾರೆ. ದಾಟಿದೆಯೇ ಎಂಬುದನ್ನು ಮನೆಯಲ್ಲಿ ಗುಟ್ಟಾಗಿ ಹಾಲು ಕುಡಿಸಿ ಪರೀಕ್ಷಿಸದೆ, ವೈದ್ಯರ ಎದುರಿನಲ್ಲಿ, ಅವರು ಹೇಳಿದ ಕಾಲಕ್ಕೆ ನೋಡಬೇಕು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮಗುವನ್ನು ತೂಗಿಸಿ, ಎತ್ತರವನ್ನು ಅಳೆಯಿಸಿ, ಬರೆದಿಟ್ಟುಕೊಳ್ಳಿ. ಡಬ್ಬಿಯ ಮೇಲಿನ ಚಿತ್ರ ಏನೇ ಹೇಳಲಿ, ಮಗುವಿಗೆ ಕೊಡುತ್ತಿರುವುದು ಸಾಲುತ್ತಿದೆಯೇ ಎಂಬುದಕ್ಕೆ ಆ ಅಂಕಿಗಳೇ ಸಾಕ್ಷಿ.