ಎಲೆ ನೆಟ್ಟರೆ ಗಿಡವಾದೀತೆ?

ಕಾಡುಬಸಳೆಯ ದಪ್ಪ ಎಲೆಯೊಂದನ್ನು ಒದ್ದೆ ಮಣ್ಣಿನ ಮೇಲೆ ಇಟ್ಟರೆ ಕೆಲವು ದಿನಗಳಲ್ಲಿ ಅದರ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಸಸಿಗಳು ಮೊಳೆಯುತ್ತವೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಈ ಚಿತ್ರವನ್ನು ನೋಡದ, ‘ಎಲೆಯಿಂದ ಕಾಯಜ ಸಂತಾನೋತ್ಪತ್ತಿಗೆ ಉದಾಹರಣೆ ಕೊಡಿ’ ಎಂಬ ಪ್ರಶ್ನೆಗೆ ಉತ್ತರ ಬರೆಯದ ವಿದ್ಯಾರ್ಥಿಗಳು ವಿರಳ. ಉತ್ತರಕ್ಕೆ ಅಂಕವೇನೋ ಸಿಗುತ್ತದೆ. ಆದರೆ ಒಂದು ಗಿಡಕ್ಕೆ ಸಲ್ಲುವ ಮಾತು ಎಲ್ಲ ಗಿಡಗಳಿಗೂ ಸಲ್ಲುತ್ತದೆಂದು ಭಾವಿಸಿದರೆ ಫಜೀತಿ ಶುರುವಾಗುತ್ತದೆ.

ಮಾನ್‌ಸ್ಟೆರಾ ಗಿಡವನ್ನೇ ತೆಗೆದುಕೊಳ್ಳಿ. ಹರಿವಾಣದಷ್ಟು ಅಗಲದ, ಅಂಚು ಸೀಳಿದ, ನಡುನಡುವೆ ತೂತುಗಳಿರುವ ಹಸಿರೆಲೆಯ ಈ ಅಲಂಕಾರ ಗಿಡ ಈಗ ಅನೇಕ ಮನೆಗಳ ಹಜಾರದಲ್ಲಿ, ಕಚೇರಿಗಳ ಮೂಲೆಯಲ್ಲಿ ಕಾಣಸಿಗುತ್ತದೆ. ನೆಂಟರ ಮನೆಗೆ ಹೋದ ಮಕ್ಕಳು ಚೆಂದದ ಎಲೆಯೊಂದನ್ನು ತೊಟ್ಟಿನ ಸಮೇತ ಕೇಳಿ ತಂದು ಬಾಟಲಿಯ ನೀರಿನಲ್ಲಿ ಇಡುತ್ತಾರೆ. ಅದೃಷ್ಟವಿದ್ದರೆ ತಿಂಗಳೊಪ್ಪತ್ತಿನಲ್ಲಿ ತೊಟ್ಟಿನ ತುದಿಯಲ್ಲಿ ಬೇರೂ ಬರುತ್ತದೆ. ಮನೆಯಲ್ಲಿ ಸಂಭ್ರಮ. ಕುಂಡ ಬರುತ್ತದೆ, ಗೊಬ್ಬರ ಬರುತ್ತದೆ. ಎಲೆಯೂ ತಿಂಗಳುಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಬರದೇ ಇರುವುದೆಂದರೆ ಎರಡನೆಯ ಎಲೆ ಮಾತ್ರ. ಕೊನೆಗೊಂದು ದಿನ ಮೊದಲನೆಯದೂ ಹಳದಿಯಾಗುತ್ತದೆ. ‘ನಿನ್ನ ಕೈಗುಣ ಚೆನ್ನಾಗಿಲ್ಲ’ ಎಂದು ಹಿರಿಯರು ಹೇಳಿಬಿಟ್ಟರೆ ಆ ಮಗು ಮತ್ತೆ ಗಿಡದ ಗೊಡವೆಗೇ ಹೋಗದಿರಬಹುದು.

ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕತ್ತರಿಸಿದ ಜಾಗ ಸರಿಯಿರಲಿಲ್ಲ, ಅಷ್ಟೆ.

ಗುಟ್ಟು ಗೆಣ್ಣಿನಲ್ಲಿದೆ

ಕಬ್ಬು ಬೆಳೆಯುವ ರೈತರನ್ನು ಕೇಳಿ ನೋಡಿ. ಬಿತ್ತನೆಗೆ ಕಬ್ಬನ್ನು ತುಂಡು ಮಾಡುವಾಗ ಅವರು ಮೊದಲು ಗಮನಿಸುವುದು ಕಣ್ಣನ್ನು. ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದೇ ಅವರ ಲೆಕ್ಕ. ಈ ಕಣ್ಣು ಎಂದರೆ ಗೆಣ್ಣಿನಲ್ಲಿ ಕುಳಿತ ಮೊಗ್ಗು. ಕಾಂಡದ ಮೇಲೆ ಎಲೆ ಹುಟ್ಟುವ ಜಾಗವೇ ಗೆಣ್ಣು. ಎಲೆಯ ಬುಡ ಕಾಂಡವನ್ನು ಸೇರುವ ಕಡೆ, ಅದರ ಕಂಕುಳಲ್ಲಿ ಇರುವುದರಿಂದ ಇದಕ್ಕೆ ಕಂಕುಳ ಮೊಗ್ಗು ಎಂದು ಹೆಸರು. ವಿಭಜನೆ ಹೊಂದುತ್ತ ಹೊಸ ಕಾಂಡವನ್ನೂ ಎಲೆಗಳನ್ನೂ ಕಟ್ಟಬಲ್ಲ ಜೀವಕೋಶಗಳು ಇದರೊಳಗಿವೆ. ಗಿಡದ ತುದಿ ಬೆಳೆಯುತ್ತಿರುವಷ್ಟು ಕಾಲ ಅಲ್ಲಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನಿನ ಪ್ರಭಾವದಿಂದ ಈ ಮೊಗ್ಗುಗಳು ಸುಪ್ತವಾಗಿರುತ್ತವೆ. ತುದಿಯನ್ನು ತೆಗೆದರೆ ಚಿಗುರುತ್ತವೆ. ತುಳಸಿಯ ಕುಡಿ ಚಿವುಟಿದಾಗ ಗಿಡ ಪೊದೆಯಾಗುವುದು ಇದೇ ಕಾರಣಕ್ಕೆ.

ಮಾನ್‌ಸ್ಟೆರಾದ ಎಲೆಯಲ್ಲಾಗಲೀ ತೊಟ್ಟಿನಲ್ಲಾಗಲೀ ಇಂಥ ಮೊಗ್ಗು ಇಲ್ಲ. ತೊಟ್ಟಿನ ಕೋಶಗಳು ಹೆಚ್ಚೆಂದರೆ ಬೇರು ಬಿಡಬಲ್ಲವು, ಚಿಗುರು ಕಟ್ಟಲಾರವು. ಕಾಡುಬಸಳೆಯ ವಿಷಯ ಬೇರೆ. ಅದರ ಎಲೆಯಂಚಿನ ಕಚ್ಚುಗಳಲ್ಲಿಯೇ ಸಸಿಯಾಗಬಲ್ಲ ಕೋಶಗಳ ಗುಂಪುಗಳಿವೆ. ಹಾಗಾಗಿ ಪುಸ್ತಕ ಹೇಳಿದ್ದು ಸುಳ್ಳಲ್ಲ. ಅದು ಕೆಲವೇ ಸಸ್ಯಗಳಿಗಿರುವ ವಿಶೇಷವನ್ನು ಹೇಳಿತು. ಓದಿದವರು ಅದನ್ನು ಎಲ್ಲ ಎಲೆಗಳ ಸ್ವಭಾವವೆಂದು ತಿಳಿದರು.

ಈ ವ್ಯತ್ಯಾಸ ತಿಳಿಯದಿದ್ದರೆ ಹಣವೂ ಪೋಲಾದೀತು. ಬಿಳಿ ಮಚ್ಚೆಗಳಿರುವ ಮಾನ್‌ಸ್ಟೆರಾ ತಳಿಗಳು ದುಬಾರಿ. ತುಂಡನ್ನು ಕೊಳ್ಳುವಾಗ ಎಲೆಯ ಅಂದಕ್ಕೆ ಮರುಳಾಗದೆ, ತೊಟ್ಟಿನ ಬುಡದಲ್ಲಿ ಕಾಂಡದ ಭಾಗವಿದೆಯೇ, ಅದರಲ್ಲೊಂದು ಕಣ್ಣು ಇದೆಯೇ ಎಂದು ಪರೀಕ್ಷಿಸಬೇಕು.

ಮಳೆಕಾಡಿನಿಂದ ಕುಂಡಕ್ಕೆ

ಮಾನ್‌ಸ್ಟೆರಾದ ತವರು ದಕ್ಷಿಣ ಮೆಕ್ಸಿಕೊ ಮತ್ತು ಅದಕ್ಕೆ ಹೊಂದಿದ ಮಧ್ಯ ಅಮೆರಿಕದ ಮಳೆಕಾಡು. 1849ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಫ್ರೆಡರಿಕ್ ಲೀಬ್‌ಮನ್ ಇದಕ್ಕೆ ‘ಮಾನ್‌ಸ್ಟೆರಾ ಡೆಲಿಸಿಯೋಸಾ’ ಎಂಬ ಹೆಸರು ಕೊಟ್ಟರು. ಡೆಲಿಸಿಯೋಸಾ ಎಂದರೆ ರುಚಿಕರವಾದದ್ದು. ಪೂರ್ತಿ ಮಾಗಿದ ಇದರ ಹಣ್ಣನ್ನು ತಿನ್ನುತ್ತಾರೆ. ಆದರೆ ಮನೆಯೊಳಗಿನ ಕುಂಡದಲ್ಲಿ ಹಣ್ಣು ಬಿಡುವುದು ಅಪರೂಪ. ನಮ್ಮ ಕೆಸು, ಸುವರ್ಣಗೆಡ್ಡೆ, ಆಂಥೂರಿಯಂ, ಮನಿಪ್ಲಾಂಟ್ ಎಲ್ಲವೂ ಇದರ ಕುಟುಂಬಕ್ಕೇ ಸೇರಿದವು.

ಕಾಡಿನಲ್ಲಿ ಇದು ಮರ ಹತ್ತುವ ಬಳ್ಳಿ. ಈ ಕುಲದ ಇನ್ನೊಂದು ಬಳ್ಳಿಯ ಸಸಿಗಳನ್ನು ಅಭ್ಯಸಿಸಿದ ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ ಎಂಬ ವಿಜ್ಞಾನಿಗಳು 1975ರಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು. ನೆಲದಲ್ಲಿ ಮೊಳೆತ ಸಸಿ ಬೆಳಕಿನತ್ತ ಹೋಗದೆ ಕತ್ತಲೆಯತ್ತ ತೆವಳುತ್ತದೆ! ಕಾಡಿನ ನೆಲದಲ್ಲಿ ಹೆಚ್ಚು ಕತ್ತಲೆ ಕಾಣುವ ದಿಕ್ಕೆಂದರೆ ದೊಡ್ಡ ಮರದ ಕಾಂಡವಿರುವ ದಿಕ್ಕು. ಮರ ಸಿಕ್ಕಿದ ಮೇಲೆ ಸಸಿ ದಿಕ್ಕು ಬದಲಿಸಿ ಬೆಳಕಿನತ್ತ ಏರುತ್ತದೆ. ಮಾನ್‌ಸ್ಟೆರಾ ಬಳ್ಳಿಗಳು ಗೆಣ್ಣುಗಳಿಂದ ಹೊರಟ ವಾಯವ ಬೇರುಗಳಿಂದ ಮರವನ್ನು ತಬ್ಬಿಕೊಳ್ಳುತ್ತವೆ. ನಮ್ಮ ತೋಟದ ಮೆಣಸಿನ ಬಳ್ಳಿಯೂ ಗೆಣ್ಣಿನ ಬೇರುಗಳಿಂದಲೇ ಮರ ಹತ್ತುತ್ತದೆ. ಮಾನ್‌ಸ್ಟೆರಾ ಮೇಲೇರಿದಂತೆ ಅದರ ಎಲೆ ದೊಡ್ಡದಾಗುತ್ತದೆ, ಸೀಳುಗಳೂ ತೂತುಗಳೂ ಹೆಚ್ಚುತ್ತವೆ.

ತೂತು ಮಾಡುವುದು ಹುಳುವಲ್ಲ. ಎಲೆ ಇನ್ನೂ ಮೊಗ್ಗಿನೊಳಗೆ ಬಲು ಚಿಕ್ಕದಿರುವಾಗಲೇ ಗೊತ್ತಾದ ಜಾಗಗಳಲ್ಲಿ ಕೆಲವು ಕೋಶಗಳು ತಾವಾಗಿಯೇ ಸಾಯುತ್ತವೆ. ಎಲೆ ಹಿಗ್ಗಿದಂತೆ ಆ ಚುಕ್ಕೆಗಳು ತೂತುಗಳಾಗುತ್ತವೆ. ಆದ್ದರಿಂದ ತೂತಿಲ್ಲದೆ ಬಿಚ್ಚಿಕೊಂಡ ಎಲೆಗೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ತೂತು ಬರುವುದಿಲ್ಲ. ತೂತಿನಿಂದ ಏನು ಲಾಭ? ದಟ್ಟ ಕಾಡಿನಲ್ಲಿ ಬಿಸಿಲು ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಬೀಳುತ್ತದೆ. ಅಷ್ಟೇ ಹಸಿರನ್ನು ತೂತುಗಳೊಂದಿಗೆ ಅಗಲವಾಗಿ ಹರಡಿದರೆ ಒಂದಲ್ಲ ಒಂದು ಚುಕ್ಕೆ ಸಿಕ್ಕೇ ಸಿಗುತ್ತದೆ. ಹೀಗೊಂದು ವಿವರಣೆಯನ್ನು 2013ರಲ್ಲಿ ಕ್ರಿಸ್ಟೋಫರ್ ಮ್ಯೂರ್ ಲೆಕ್ಕಾಚಾರದ ಮೂಲಕ ಮುಂದಿಟ್ಟರು.

ಆರೈಕೆಯ ನಿಯಮಗಳೆಲ್ಲ ಈ ಕಾಡಿನ ಬದುಕಿನಿಂದಲೇ ಹೊರಡುತ್ತವೆ. ಮರದ ನೆರಳಿನ ಗಿಡವಾದ್ದರಿಂದ ಕಿಟಕಿಯ ಬಳಿಯ ಬೆಳಕು ಬೇಕು, ನಡುಹಗಲಿನ ನೇರ ಬಿಸಿಲು ಬೇಡ. ಬಿಸಿಲಿಗೆ ಎಲೆ ಸುಟ್ಟ ಕಲೆಗಳಾಗುತ್ತವೆ. ಹತ್ತುವ ಬಳ್ಳಿಯಾದ್ದರಿಂದ ತೆಂಗಿನ ನಾರು ಸುತ್ತಿದ ಕೋಲೊಂದನ್ನು ಕುಂಡದಲ್ಲಿ ನಿಲ್ಲಿಸಿ ಕಾಂಡವನ್ನು ಅದಕ್ಕೆ ಸಡಿಲವಾಗಿ ಕಟ್ಟಬೇಕು. ಮಣ್ಣು ಹಗುರವಾಗಿರಬೇಕು. ಕೆಮ್ಮಣ್ಣು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದರೆ ಸಾಕು. ಕುಂಡದ ತಳದಲ್ಲಿ ನೀರು ಹೋಗಲು ತೂತಿರಲಿ.

ಈ ಗಿಡ ಕೆಡುವುದು ಹೆಚ್ಚಾಗಿ ನೀರು ಮಿತಿಮೀರಿದಾಗ. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಅವುಗಳಿಗೆ ಆಮ್ಲಜನಕ ಸಿಗದೆ ಕೊಳೆಯುತ್ತವೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಬಾಡುತ್ತದೆ. ಬಾಡಿತೆಂದು ಮನೆಯವರು ಇನ್ನಷ್ಟು ನೀರು ಹೊಯ್ಯುತ್ತಾರೆ! ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ತೂರಿಸಿ ಒಣಗಿದೆಯೆಂದು ತಿಳಿದ ಮೇಲೆಯೇ ನೀರು ಹಾಕಿ. ಆಗಾಗ ಒದ್ದೆ ಬಟ್ಟೆಯಿಂದ ಎಲೆಯ ದೂಳನ್ನು ಒರೆಸಿ. ದೂಳು ಕುಳಿತರೆ ಬೆಳಕು ತಡೆದು ದ್ಯುತಿಸಂಶ್ಲೇಷಣೆ ಕುಂಠಿತವಾಗುತ್ತದೆ.

ಎಲ್ಲಿ ಕತ್ತರಿಸಬೇಕು?

ಹೊಸ ಗಿಡ ಮಾಡಲು ಮಳೆಗಾಲ ಒಳ್ಳೆಯ ಸಮಯ. ವಾಯವ ಬೇರಿನ ಮೊಳಕೆಯಿರುವ ಒಂದು ಗೆಣ್ಣನ್ನು, ಎಲೆಯೊಂದಿರುವಂತೆ, ಆರಿಸಿಕೊಳ್ಳಿ. ಗೆಣ್ಣಿಗಿಂತ 2-3 ಸೆಂ.ಮೀ. ಕೆಳಗೆ, ಶುಚಿಯಾದ ಹರಿತ ಚಾಕುವಿನಿಂದ ಕತ್ತರಿಸಿ. ಗಾಯ ಒಣಗಲು ಕೆಲವು ಗಂಟೆ ನೆರಳಿನಲ್ಲಿಡಿ. ಆಮೇಲೆ ಗೆಣ್ಣು ಮುಳುಗುವಂತೆ, ಎಲೆ ಮುಳುಗದಂತೆ ನೀರಿನಲ್ಲಿಡಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಬೇರು ಗೇಣಿನ ಅರ್ಧದಷ್ಟಾದಾಗ ಕುಂಡಕ್ಕೆ ಬದಲಿಸಿ. ಹೊಸ ಚಿಗುರಿಗೆ ಇನ್ನೂ ಒಂದೆರಡು ತಿಂಗಳು ಕಾಯಬೇಕಾದೀತು. ಮೊದಲ ಎಲೆ ಚಿಕ್ಕದಾಗಿ, ತೂತಿಲ್ಲದೆ ಬಂದರೆ ನಿರಾಶರಾಗಬೇಡಿ.

ಇರುವುದೊಂದೇ ಗಿಡ, ಕತ್ತರಿಸಲು ಅಂಜಿಕೆ ಎನ್ನುವವರು ಗೂಟಿ ಕಟ್ಟಬಹುದು. ಗೆಣ್ಣಿನ ಸುತ್ತ ತೇವದ ತೆಂಗಿನ ನಾರನ್ನಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿ ಕಟ್ಟಿ. ಒಳಗೆ ಬೇರು ತುಂಬಿದ್ದು ಕಂಡ ಮೇಲೆ ಅದರ ಕೆಳಗೆ ಕತ್ತರಿಸಿ ನೆಟ್ಟರಾಯಿತು.

ಕೆಲವು ಎಚ್ಚರಿಕೆಗಳು

ಕೆಸು ಹೆಚ್ಚುವಾಗ ಕೈ ತುರಿಸುವುದು ಎಲ್ಲ ಅಮ್ಮಂದಿರಿಗೂ ಗೊತ್ತು. ಪತ್ರೊಡೆಗೆ ಹುಣಸೆಹುಳಿ ಹಾಕುವುದೂ ಆ ತುರಿಕೆಗೆ ಹೆದರಿಯೇ. ಅದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಮಾನ್‌ಸ್ಟೆರಾದ ಎಲೆ, ಕಾಂಡ, ಕಾಯಿಗಳಲ್ಲೂ ಇವೆ. ಅಂಬೆಗಾಲಿಡುವ ಮಕ್ಕಳು, ನಾಯಿ, ಬೆಕ್ಕುಗಳು ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಹಾಗಾದರೆ ಬಾಯಿ ತೊಳೆಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕತ್ತರಿಸಿದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಎರಡನೆಯದು ಬಾಟಲಿಯ ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಧಾರಾಳ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೆರಡು ಬಾರಿ ನೀರು ಬದಲಿಸಿ, ಬಾಟಲಿಯ ಒಳಮೈಯನ್ನು ಉಜ್ಜಿ ತೊಳೆಯಿರಿ, ಬಾಯಿಗೆ ಹತ್ತಿ ತುರುಕಿ.

ಮೂರನೆಯದಾಗಿ, ಮಿಕ್ಕ ತುಂಡುಗಳನ್ನು ಹಳ್ಳಕ್ಕೋ ಕಾಡಿನಂಚಿಗೋ ಎಸೆಯಬೇಡಿ. ಮನಿಪ್ಲಾಂಟ್ ಹೀಗೆಯೇ ಹಬ್ಬಿ ಶ್ರೀಲಂಕಾ, ಹವಾಯಿ ಮುಂತಾದೆಡೆ ಕಾಡಿಗೆ ಉಪದ್ರವವಾಗಿದೆ.

ಮಾಡಿ ನೋಡಿ

ಮಾನ್‌ಸ್ಟೆರಾ ಇಲ್ಲದವರು ಮನಿಪ್ಲಾಂಟ್‌ನಿಂದಲೇ ಈ ಪ್ರಯೋಗ ಮಾಡಬಹುದು. ಮೂರು ಬಾಟಲಿ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ತೊಟ್ಟಿರುವ ಎಲೆ ಮಾತ್ರ, ಎರಡನೆಯದರಲ್ಲಿ ಎಲೆ ತೆಗೆದ ಗೆಣ್ಣು, ಮೂರನೆಯದರಲ್ಲಿ ಎಲೆಯೂ ಗೆಣ್ಣೂ ಇರುವ ತುಂಡು. ಪ್ರತಿ ಬಾಟಲಿಯಲ್ಲೂ ನಾಲ್ಕು ನಾಲ್ಕು ತುಂಡುಗಳಿದ್ದರೆ ಒಂದು ಕೊಳೆತರೂ ಪ್ರಯೋಗ ಕೆಡದು. ಮೂರನ್ನೂ ಒಂದೇ ಕಿಟಕಿಯಲ್ಲಿಡಿ. ಏನಾಗಬಹುದೆಂದು ಮೊದಲೇ ಊಹಿಸಿ ಬರೆದಿಟ್ಟುಕೊಳ್ಳಿ. ಹನ್ನೆರಡು ವಾರ, ಪ್ರತಿ ಭಾನುವಾರ ಬೇರಿನ ಉದ್ದವನ್ನೂ ಚಿಗುರಿನ ಸಂಖ್ಯೆಯನ್ನೂ ದಾಖಲಿಸಿ. ಒಂದನೆಯ ಮತ್ತು ಮೂರನೆಯ ಬಾಟಲಿಗಳನ್ನು ಹೋಲಿಸಿದರೆ ಗೆಣ್ಣಿನ ಕೆಲಸ ತಿಳಿಯುತ್ತದೆ. ಎರಡನೆಯ ಮತ್ತು ಮೂರನೆಯದನ್ನು ಹೋಲಿಸಿದರೆ ತಿಳಿಯುವುದೇನು? ಅದನ್ನು ವಿದ್ಯಾರ್ಥಿಗಳೇ ಯೋಚಿಸಲಿ.

ಪೋಷಕರಲ್ಲಿ ಒಂದು ವಿನಂತಿ. ಚಿಗುರಲಿಲ್ಲವೆಂದು ಮೊದಲ ಬಾಟಲಿಯನ್ನು ನಡುವೆಯೇ ಎಸೆಯಬೇಡಿ. ಈ ಪ್ರಯೋಗದಲ್ಲಿ ಅದು ಚಿಗುರದೆ ಉಳಿಯುವುದೂ ಒಂದು ಉತ್ತರ. ಹನ್ನೆರಡನೆಯ ವಾರದ ಸಾಲನ್ನೂ ಮಗು ತನ್ನ ಪುಸ್ತಕದಲ್ಲಿ ಬರೆದು ಮುಗಿಸಲಿ.