ದುಡಿದವನೇ ಬರೆದಿಟ್ಟ ಲೆಕ್ಕ



ದುಡಿಮೆಯ ಜಾಗದಲ್ಲಿ ಲೆಕ್ಕದ ಪುಸ್ತಕವು ಯಾವಾಗಲೂ ದುಡಿಸುವವರ ಕೈಯಲ್ಲಿಯೇ ಇರುತ್ತದೆ. ಇಂದು ಎಷ್ಟು ಕಿಲೋ ಚಹಾ ಸೊಪ್ಪು ತೂಗಿತು, ಯಾರು ಹಾಜರು, ಯಾರು ಗೈರು, ಯಾರ ಕೂಲಿಯಲ್ಲಿ ಎಷ್ಟು ಹಿಡಿಯಬೇಕು ಎಂಬುದೆಲ್ಲ ಅದರಲ್ಲಿ ಉಂಟು. ಸೊಪ್ಪು ಕಿತ್ತವಳ ಬೆನ್ನುನೋವು, ಆಕೆ ಬಿಟ್ಟುಬಂದ ಊರು, ಮಕ್ಕಳ ಮೇಲೆ ಆಕೆ ಇಟ್ಟಿರುವ ಆಸೆ, ಇವು ಯಾವುವೂ ಅದರಲ್ಲಿ ಇಲ್ಲ. ಈ ಎರಡನೆಯ ಲೆಕ್ಕವನ್ನು ಬರೆಯುವವರು ಯಾರು? ಬಹುದೂರದ ದೇಶವೊಂದರಲ್ಲಿ ಅದನ್ನು ಬರೆದಿಟ್ಟ ಒಬ್ಬ ಕೂಲಿಯಾಳಿನ ಜೀವನವನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತಿದ್ದೇವೆ. ಅವರ ಹೆಸರು ಕಾರ್ಲೋಸ್ ಬುಲೊಸಾನ್.

ಫಿಲಿಪ್ಪೀನ್ಸ್ ದ್ವೀಪಗಳ ಪಂಗಸಿನಾನ್ ಪ್ರಾಂತ್ಯದ ಬಿನಲೋನಾನ್ ಅವರ ಊರು. ಹುಟ್ಟಿದ ವರ್ಷವನ್ನು ಕೆಲವರು 1911 ಎಂದೂ ಕೆಲವರು 1913 ಎಂದೂ ಬರೆದಿದ್ದಾರೆ. ಬಡವರ ಮಕ್ಕಳ ವಿಷಯದಲ್ಲಿ ಇದು ಹೊಸದೇನೂ ಅಲ್ಲ. ಆ ದ್ವೀಪಗಳು 1898ರಲ್ಲಿ ಸ್ಪೇನಿನವರ ಕೈಯಿಂದ ಅಮೆರಿಕದವರ ಕೈಸೇರಿದ್ದವು. ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲಾಗುತ್ತಿತ್ತು. ಅದರೊಂದಿಗೆ ಅಮೆರಿಕದಲ್ಲಿ ಎಲ್ಲರೂ ಸಮಾನರೆಂಬ ಪಾಠವೂ ನಡೆಯುತ್ತಿತ್ತು. ಹೊಲ ಕಳೆದುಕೊಂಡ ಒಕ್ಕಲು ಮಕ್ಕಳು ಹವಾಯಿಯ ಕಬ್ಬಿನ ತೋಟಗಳಿಗೂ ಕ್ಯಾಲಿಫೋರ್ನಿಯದ ಹೊಲಗಳಿಗೂ ಸಾವಿರಗಟ್ಟಲೆ ಹಡಗು ಹತ್ತಿದರು. ಬುಲೊಸಾನರು 1930ರ ಜುಲೈ ತಿಂಗಳಲ್ಲಿ ಸಿಯಾಟಲ್ ಬಂದರಿನಲ್ಲಿ ಇಳಿದರು. ಆಮೇಲೆ ಅವರು ತಾಯ್ನಾಡನ್ನು ಕಾಣಲೇ ಇಲ್ಲ.

ಪಾಠದಲ್ಲಿ ಕೇಳಿದ ಅಮೆರಿಕ ಅಲ್ಲಿ ಅವರಿಗೆ ಸಿಕ್ಕಲಿಲ್ಲ. ಫಿಲಿಪ್ಪೀನಿಯರು ಆ ದೇಶದ ಆಳ್ವಿಕೆಗೆ ಒಳಪಟ್ಟವರು, ಆದರೆ ಪೌರರಲ್ಲ. ಅವರಿಗೆ ಓಟಿನ ಹಕ್ಕು ಇರಲಿಲ್ಲ. ದಿನವಿಡೀ ಸೊಂಟ ಬಗ್ಗಿಸಿ ಲೆಟ್ಯೂಸ್ ಸೊಪ್ಪು ಕೊಯ್ಯುವುದು, ಬೇಸಿಗೆಯಲ್ಲಿ ಅಲಾಸ್ಕಕ್ಕೆ ಹೋಗಿ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿಯುವುದು, ಇಂಥ ಕೆಲಸಗಳೇ ಅವರ ಪಾಲಿಗೆ ಬಂದವು. 1930ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾಟ್ಸನ್‌ವಿಲ್ ಎಂಬಲ್ಲಿ ಬಿಳಿಯರ ಗುಂಪುಗಳು ಅವರ ಮೇಲೆ ದಿನಗಟ್ಟಲೆ ದಾಳಿ ನಡೆಸಿದವು. ಫರ್ಮಿನ್ ಟೊಬೆರಾ ಎಂಬ ಯುವಕ ಕೂಲಿಯವನು ಗುಂಡಿಗೆ ಬಲಿಯಾದನು. 1934ರ ಕಾನೂನು ವರ್ಷಕ್ಕೆ ಕೇವಲ 50 ಮಂದಿ ಫಿಲಿಪ್ಪೀನಿಯರು ಮಾತ್ರ ವಲಸೆ ಬರಬಹುದೆಂದು ಬಾಗಿಲು ಹಾಕಿತು. ಪೌರತ್ವ ಪಡೆಯುವ ದಾರಿ ಅವರಿಗೆ ತೆರೆದದ್ದು 1946ರಲ್ಲಿ.

ಬುಲೊಸಾನರ ದೇಹ ಬಲವಾದದ್ದಲ್ಲ. 1936ರಲ್ಲಿ ಕ್ಷಯರೋಗದಿಂದ ಲಾಸ್ ಏಂಜಲೀಸಿನ ಆಸ್ಪತ್ರೆ ಸೇರಿದವರು ಸುಮಾರು ಎರಡು ವರ್ಷ ಅಲ್ಲಿಯೇ ಮಲಗಿದರು. ಶ್ವಾಸಕೋಶಕ್ಕೆ ಶಸ್ತ್ರಚಿಕಿತ್ಸೆಗಳಾದವು. ಸನೋರಾ ಮತ್ತು ಡೊರೊತಿ ಬ್ಯಾಬ್ ಎಂಬ ಅಕ್ಕತಂಗಿಯರು ಹಾಸಿಗೆಯ ಬಳಿಗೆ ಪುಸ್ತಕಗಳನ್ನು ತಂದುಕೊಡುತ್ತಿದ್ದರು. ಕಾಲೇಜಿನ ಮೆಟ್ಟಿಲು ಹತ್ತದ ಆ ಮನುಷ್ಯನಿಗೆ ರೋಗಿಯ ಮಂಚವೇ ಕಾಲೇಜಾಯಿತು.

1943ರಲ್ಲಿ ಒಂದು ವಿಶೇಷ ನಡೆಯಿತು. ಅಧ್ಯಕ್ಷ ರೂಸ್‌ವೆಲ್ಟರು ಸಾರಿದ ನಾಲ್ಕು ಸ್ವಾತಂತ್ರ್ಯಗಳ ಕುರಿತು ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಎಂಬ ಬಹು ಪ್ರಸಾರದ ಪತ್ರಿಕೆಯು ನಾರ್ಮನ್ ರಾಕ್‌ವೆಲ್ ಅವರ ನಾಲ್ಕು ಚಿತ್ರಗಳನ್ನೂ ನಾಲ್ಕು ಲೇಖನಗಳನ್ನೂ ಪ್ರಕಟಿಸಿತು. ಕೊರತೆಯಿಂದ ಬಿಡುಗಡೆ ಎಂಬ ಚಿತ್ರದಲ್ಲಿ ಒಂದು ತುಂಬು ಸಂಸಾರವು ಹಬ್ಬದೂಟಕ್ಕೆ ಮೇಜಿನ ಸುತ್ತ ಕುಳಿತಿದೆ. ಅದಕ್ಕೆ ಲೇಖನ ಬರೆದವರು ಬುಲೊಸಾನ್. ಆ ಊಟವನ್ನು ಬೆಳೆದವರ ಪರವಾಗಿ ಅವರು ಬರೆದರು. ದುಡಿದವರಿಗೆ ತಮ್ಮ ದುಡಿಮೆಯ ಫಲ ದಕ್ಕದಿರುವ ತನಕ ಬಿಡುಗಡೆ ಪೂರ್ತಿಯಾಗದೆಂಬುದೇ ಅದರ ಸಾರ. ಮೇಜಿನ ಬಳಿ ಜಾಗವಿಲ್ಲದವನೇ ಊಟದ ಅರ್ಥವನ್ನು ಹೇಳಬೇಕಾಯಿತು!

1944ರಲ್ಲಿ ತಮ್ಮ ಹಳ್ಳಿಯ ನಗೆಗತೆಗಳ ಪುಸ್ತಕವನ್ನೂ, 1946ರಲ್ಲಿ ‘ಅಮೆರಿಕ ಇಸ್ ಇನ್ ದಿ ಹಾರ್ಟ್’ ಎಂಬ ದೊಡ್ಡ ಪುಸ್ತಕವನ್ನೂ ಅವರು ಹೊರತಂದರು. ಈ ಎರಡನೆಯದರಲ್ಲಿ ಮಗನ ಓದಿಗಾಗಿ ತಂದೆಯು ಹೊಲವನ್ನು ತುಂಡುತುಂಡಾಗಿ ಕಳೆದುಕೊಳ್ಳುತ್ತಾನೆ. ಸಿಯಾಟಲಿನಲ್ಲಿ ಇಳಿದ ಹುಡುಗನನ್ನು ಐದು ಡಾಲರಿಗೆ ಅಲಾಸ್ಕದ ಕೆಲಸಕ್ಕೆ ಮಾರಿಬಿಡುತ್ತಾರೆ. ಅದೆಲ್ಲವೂ ಬುಲೊಸಾನರೊಬ್ಬರಿಗೇ ಆದದ್ದಲ್ಲ, ಅಣ್ಣಂದಿರ ಮತ್ತು ಜೊತೆಗಾರರ ಪಾಡನ್ನೂ ಅವರು ‘ನಾನು’ ಎಂದು ಬರೆದಿದ್ದಾರೆಂದು ವಿದ್ವಾಂಸರು ತೋರಿಸಿದ್ದಾರೆ. ಹಾಗಾದರೆ ಅದು ಸುಳ್ಳೇ? ನಮಗೆ ಹಾಗೆ ತೋರುವುದಿಲ್ಲ. ಒಬ್ಬ ಕೂಲಿಯವನು ತನಗಾದದ್ದನ್ನು ಮಾತ್ರ ಹೇಳಿದರೆ ಅದು ಅವನ ದುರದೃಷ್ಟ ಎಂದು ಲೋಕವು ತಳ್ಳಿಹಾಕುತ್ತದೆ. ನೂರು ಜನರ ಪಾಡು ಒಂದೇ ಬಾಯಲ್ಲಿ ಬಂದಾಗ ಅದು ಅದೃಷ್ಟದ ಮಾತಲ್ಲ, ಅನ್ಯಾಯ ಎಂದು ತಿಳಿಯುತ್ತದೆ. ಅಕ್ಷರವಿಲ್ಲದವರಿಗೆ ಅವರು ತಮ್ಮ ‘ನಾನು’ ಎಂಬ ಪದವನ್ನೇ ಬಿಟ್ಟುಕೊಟ್ಟರು.

ಹೆಸರು ಬಂದಷ್ಟೇ ಬೇಗ ಮರೆಯಾಯಿತು. 1952ರಲ್ಲಿ ಅವರು ಸಿಯಾಟಲಿನ ಮೀನು ಕಾರ್ಖಾನೆ ಕಾರ್ಮಿಕರ ಸಂಘದ ವಾರ್ಷಿಕ ಪುಸ್ತಕವನ್ನು ಸಂಪಾದಿಸಿದರು. ಅವು ಆ ಸಂಘದ ಮುಖಂಡರನ್ನು ದೇಶದಿಂದ ಹೊರಗಟ್ಟಲು ಸರ್ಕಾರ ಹವಣಿಸುತ್ತಿದ್ದ ವರ್ಷಗಳು. 1956ರ ಸೆಪ್ಟೆಂಬರ್ 11ರಂದು ಅವರು ಸಿಯಾಟಲಿನಲ್ಲಿ ಬಡವರಾಗಿಯೇ ತೀರಿಕೊಂಡರು. ಆದರೆ ಕೂಲಿಗಳ ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. 1965ರ ಸೆಪ್ಟೆಂಬರಿನಲ್ಲಿ ಡೆಲಾನೊ ಎಂಬಲ್ಲಿ ದ್ರಾಕ್ಷಿ ತೋಟದ ಫಿಲಿಪ್ಪೀನಿಯರು, ಪಂಗಸಿನಾನಿನವರೇ ಆದ ಲ್ಯಾರಿ ಇಟ್ಲಿಯೊಂಗ್ ಅವರ ಮುಂದಾಳತ್ವದಲ್ಲಿ ಕೆಲಸ ನಿಲ್ಲಿಸಿದರು. ಮೆಕ್ಸಿಕೊ ಮೂಲದ ಕೂಲಿಗಳು ಕೆಲವೇ ದಿನಗಳಲ್ಲಿ ಅವರ ಕೈಹಿಡಿದರು. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಬಂದರು. 1973ರಲ್ಲಿ ಬುಲೊಸಾನರ ಪುಸ್ತಕವೂ ಮತ್ತೆ ಅಚ್ಚಾಯಿತು. ವಲಸೆ ಬಂದವರ ಮಕ್ಕಳು ಅದರಲ್ಲಿ ತಮ್ಮ ತಂದೆಯರನ್ನು ಕಂಡುಕೊಂಡರು.

ಸಹೋದರ ಸಹೋದರಿಯರೇ, ನಮ್ಮ ಹಿರಿಯರಲ್ಲಿಯೂ ಮೇಸ್ತ್ರಿಯ ಮುಂಗಡ ಹಣ ಪಡೆದು ಘಟ್ಟ ಹತ್ತಿ ಬಂದವರಿದ್ದಾರೆ. ಅವರು ಯಾವ ಊರಿನವರು, ಎಷ್ಟು ಮುಂಗಡಕ್ಕೆ ಬಂದರು, ಮೊದಲ ಮಳೆಗಾಲದಲ್ಲಿ ಯಾರನ್ನು ಕಳೆದುಕೊಂಡರು? ಲೈನು ಮನೆಯ ಮುದುಕಿಯೊಬ್ಬರು ಕಣ್ಣು ಮುಚ್ಚಿದರೆ ಆ ಲೆಕ್ಕವೆಲ್ಲ ಮಣ್ಣಿಗೆ ಹೋಗುತ್ತದೆ. ಎಸ್ಟೇಟಿನ ಕಡತದಲ್ಲಿ ಹುಡುಕಿದರೆ ಸಿಕ್ಕುವಂಥದಲ್ಲ ಅದು. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗುವೊಂದು ಇದ್ದರೆ, ಒಂದು ನೋಟ್‌ಬುಕ್ಕು ಕೊಟ್ಟು ಅಜ್ಜಿಯ ಬಳಿ ಕೂರಿಸಿರಿ. ಬರಹ ತಪ್ಪಾದರೆ ಚಿಂತೆಯಿಲ್ಲ, ಮುಂದೆ ತಿದ್ದಿಕೊಳ್ಳಬಹುದು. ಅಜ್ಜಿಯು ಇರುವಾಗಲೇ ಕೇಳಿ ಬರೆದುಕೊಳ್ಳಲಿ.